ಹಳ್ಳಿಯಲ್ಲಿ ಕೂರಲು ಕೊಟ್ಟ ಸಂಬಳ

ಚುನಾವಣೆ ಬಂತೆಂದರೆ ‘ವೋಟ್ ಬ್ಯಾಂಕ್’ ಎಂಬ ಮಾತು ಚಹಾದಂಗಡಿಯಿಂದ ಟಿ.ವಿ. ಸ್ಟುಡಿಯೊವರೆಗೆ ಎಲ್ಲರ ಬಾಯಲ್ಲೂ ಓಡಾಡುತ್ತದೆ. ಅದು ಹುಟ್ಟಿದ್ದು ದಿಲ್ಲಿಯ ಯಾವುದೋ ಪಕ್ಷದ ಕಚೇರಿಯಲ್ಲಿ ಎಂದು ಅನೇಕರು ತಿಳಿದಿದ್ದಾರೆ. ಅದರ ಬೇರು ಇರುವುದು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ, ಪಟೇಲರ ಎತ್ತಿನ ಮನೆಯಲ್ಲಿ. 1948ರಲ್ಲಿ ಎಂ.ಎನ್. ಶ್ರೀನಿವಾಸ್ ಎಂಬ ಮೈಸೂರಿನ ಯುವಕ ಆ ಮನೆಯಲ್ಲಿ ಬಿಡಾರ ಹೂಡಿದರು. ಯಾರು ಯಾರ ಜಗುಲಿಗೆ ಬರುತ್ತಾರೆ, ಯಾರು ಹೊರಗೇ ನಿಲ್ಲುತ್ತಾರೆ, ನ್ಯಾಯ ಪಂಚಾಯಿತಿಯಲ್ಲಿ ಯಾರ ಮಾತು ನಡೆಯುತ್ತದೆ, ಸಾಲ ಕೊಟ್ಟವನ ಮಾತನ್ನು ಸಾಲ ಪಡೆದವನು ಎಲ್ಲಿಯವರೆಗೆ ಕೇಳುತ್ತಾನೆ ಎಂಬುದನ್ನೆಲ್ಲ ತಿಂಗಳುಗಟ್ಟಲೆ ಕುಳಿತು ನೋಡಿದರು. ಆ ಹಳ್ಳಿಗೆ ತಮ್ಮ ಬರಹಗಳಲ್ಲಿ ಅವರಿಟ್ಟ ಹೆಸರು ರಾಂಪುರ. 1955ರ ಒಂದು ಪ್ರಬಂಧದಲ್ಲಿ ಅವರು ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಸಿದರು. 1959ರಲ್ಲಿ ಅದೇ ಊರನ್ನು ಮುಂದಿಟ್ಟುಕೊಂಡು ‘ಪ್ರಬಲ ಜಾತಿ’ಯ ಬಗ್ಗೆ ಬರೆದರು. ಇಂದು ಕರ್ನಾಟಕದ ರಾಜಕಾರಣದ ಬಗ್ಗೆ ಈ ಎರಡು ಮಾತು ಬಿಟ್ಟು ಅರ್ಧ ಗಂಟೆ ಮಾತಾಡುವುದೂ ಕಷ್ಟ.

ಇಲ್ಲಿ ನಾವು ಸಾಮಾನ್ಯವಾಗಿ ಕೇಳದ ಪ್ರಶ್ನೆ ಒಂದಿದೆ. ಅಷ್ಟು ಕಾಲ ಅವರ ಊಟಕ್ಕೆ, ಓಡಾಟಕ್ಕೆ ದುಡ್ಡು ಕೊಟ್ಟವರು ಯಾರು?

ಕೊಟ್ಟದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ. ಶ್ರೀನಿವಾಸ್ ಅಲ್ಲಿ ಡಾಕ್ಟರೇಟ್ ಮುಗಿಸಿದ್ದರು. ಭಾರತೀಯ ಸಮಾಜಶಾಸ್ತ್ರಕ್ಕೆಂದು ಹೊಸದಾಗಿ ಒಂದು ಉಪನ್ಯಾಸಕ ಹುದ್ದೆ ಸೃಷ್ಟಿಯಾಗಿ, ಅದು ಅವರಿಗೆ ಸಿಕ್ಕಿತು. ಜೊತೆಗೊಂದು ಅಪರೂಪದ ಅನುಕೂಲವೂ ಸಿಕ್ಕಿತು: ಮೊದಲ ವರ್ಷ ಪಾಠ ಮಾಡಬೇಕಾಗಿಲ್ಲ, ಹಳ್ಳಿಗೆ ಹೋಗಿ ಇದ್ದು ಬರಬಹುದು. ಕೆಲಸಕ್ಕೆ ಸೇರಿದ ಮನುಷ್ಯನಿಗೆ ಮೊದಲ ದಿನವೇ ‘ಇಲ್ಲಿರಬೇಡ, ಹೋಗು’ ಎಂದು ಹೇಳಿ ಸಂಬಳ ಕೊಟ್ಟ ಹಾಗಾಯಿತು. ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವೂ ಆಗಿರದ, ಬ್ರಿಟನ್ನಿನಲ್ಲಿ ದಿನಸಿಗೆ ಇನ್ನೂ ರೇಷನ್ ಇದ್ದ ಕಾಲ ಅದು. ಅಂಥ ಹೊತ್ತಿನಲ್ಲೂ ಒಂದು ವಿಶ್ವವಿದ್ಯಾಲಯಕ್ಕೆ ಇದು ವ್ಯರ್ಥ ಖರ್ಚು ಅನ್ನಿಸಲಿಲ್ಲ.

ಕಥೆಯ ಎರಡನೇ ಭಾಗ ಅನೇಕರಿಗೆ ಗೊತ್ತು. 1970ರ ಏಪ್ರಿಲ್ 24ರಂದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನ ಉನ್ನತ ಅಧ್ಯಯನ ಕೇಂದ್ರದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಶ್ರೀನಿವಾಸ್ ಅವರ ಕೋಣೆಯೂ ಸುಟ್ಟುಹೋಯಿತು. ಹದಿನೆಂಟು ವರ್ಷ ಕೂತು ಅಚ್ಚುಕಟ್ಟು ಮಾಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲಿದ್ದವು. ನೆನಪಿನಿಂದಲೇ ಬರೆಯಿರಿ ಎಂದು ಅಮೆರಿಕದ ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಧೈರ್ಯ ಹೇಳಿದರು. ಆರು ವರ್ಷದ ನಂತರ, 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಟಿಪ್ಪಣಿ ಸುಟ್ಟರೂ ಪುಸ್ತಕ ಬದುಕಿದ್ದು ಶ್ರೀನಿವಾಸರ ಪ್ರತಿಭೆಯಿಂದ, ನಿಜ. ಆದರೆ ನೆನಪಿನಲ್ಲಿ ಉಳಿಯುವಷ್ಟು ಕಾಲ ಅವರು ಊರಿನಲ್ಲಿ ಇದ್ದದ್ದರಿಂದಲೂ ಹೌದು. ಹದಿನೈದು ದಿನದ ಪ್ರವಾಸ ಮಾಡಿ ಬಂದವರ ಫೈಲು ಸುಟ್ಟರೆ ನೆನಪಿನಲ್ಲಿ ಏನು ಮಿಕ್ಕೀತು?

ಅಧ್ಯಾಪಕರ ಸಂಶೋಧನೆಗೆ, ಓಡಾಟಕ್ಕೆ ವಿಶ್ವವಿದ್ಯಾಲಯ ಕೊಡುವ ಅನುದಾನ ಎಂದರೆ ನಮಗೆ ಕೂಡಲೇ ನೆನಪಾಗುವುದು ಟಿಎ-ಡಿಎ ಬಿಲ್ಲು, ಅನ್ಯ ಕರ್ತವ್ಯದ (ಓಓಡಿ) ರಜೆ, ಆಡಿಟ್‌ನವರ ಆಕ್ಷೇಪಣೆ. ಏಷ್ಯಾ ಅಧ್ಯಯನ ಎಂದು ಇಂದು ಜಗತ್ತು ಕರೆಯುವ ಇಡೀ ವಿದ್ಯಾಶಾಖೆ ನಿಂತಿರುವುದು ಈ ಬಿಲ್ಲುಗಳ ಮೇಲೆಯೇ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನ ಸಮಿತಿ ಎಂದು ಒಂದಿದೆ. ತನ್ನ ಅಧ್ಯಾಪಕರು ಹೋಗಿಬರಲು, ಹಸ್ತಪ್ರತಿ ನೋಡಲು, ಸಣ್ಣ ಸಮ್ಮೇಳನ ನಡೆಸಲು ಅದು ಹಣ ಕೊಡುತ್ತದೆ. ಅಮೆರಿಕದ ಅನೇಕ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇಂಥ ವ್ಯವಸ್ಥೆ ಇದೆ. ಮೊತ್ತ ದೊಡ್ಡದಲ್ಲದಿದ್ದರೂ ಅದು ವರ್ಷ ತಪ್ಪದೆ ಸಿಗುತ್ತದೆ. ಈ ಖಾತರಿ ಇರುವುದರಿಂದಲೇ ಅಲ್ಲಿಯ ಅಧ್ಯಾಪಕರು ಹತ್ತು ವರ್ಷ ಬೇಡುವ ವಿಷಯಕ್ಕೂ ಕೈಹಾಕುತ್ತಾರೆ.

ಈ ಔದಾರ್ಯದ ಹಿಂದೆ ಬರೀ ವಿದ್ಯಾಪ್ರೇಮವಿತ್ತು ಎಂದರೆ ತಪ್ಪಾಗುತ್ತದೆ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮರುವರ್ಷ ಅಮೆರಿಕ ಒಂದು ಶಿಕ್ಷಣ ಕಾಯ್ದೆ ಮಾಡಿತು. ಅದರ ಹೆಸರಿನಲ್ಲೇ ‘ರಾಷ್ಟ್ರೀಯ ರಕ್ಷಣೆ’ ಇತ್ತು. ಏಷ್ಯಾದ ಭಾಷೆ ಬಲ್ಲವರು ತಮ್ಮಲ್ಲಿ ಬೇಕು ಎಂಬ ಶೀತಲ ಸಮರದ ಆತಂಕದಿಂದ ಬಂದ ಹಣ ಅದು. ಆದರೂ ಇಂಥ ಹಣದ ಒಂದು ಸಣ್ಣ ಕಾಲುವೆ ಕನ್ನಡದ ಗದ್ದೆಗೂ ಹರಿಯಿತು. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕಕ್ಕೆ ಹೋದರು. ಮುಂದೆ ಷಿಕಾಗೊದಲ್ಲಿ ನೆಲೆನಿಂತು 1973ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ಹೊರತಂದರು. 1961ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಒಟ್ಟುಸೇರಿ ಕಟ್ಟಿದ ‘ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್’ ಮೈಸೂರಿನಲ್ಲಿ ಕನ್ನಡ ಕಲಿಸುವ ತರಗತಿಗಳನ್ನೂ ನಡೆಸಿದೆ.

ಗೋಧಿಯ ಕಥೆ ಇನ್ನೂ ವಿಚಿತ್ರ. ಪಿ.ಎಲ್. 480 ಎಂದರೆ ಹಿರಿಯರಿಗೆ ಇಂದಿಗೂ ರೇಷನ್ ಅಂಗಡಿಯ ಕೆಂಪು ಗೋಧಿಯೇ ಕಣ್ಣಮುಂದೆ ಬರುತ್ತದೆ. ಅಮೆರಿಕದಿಂದ ಬಂದ ಆ ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ಕೊಡುತ್ತಿತ್ತು. ರೂಪಾಯಿ ಅಮೆರಿಕಕ್ಕೆ ಹೋಗುವಂತಿರಲಿಲ್ಲ, ಇಲ್ಲೇ ಖರ್ಚಾಗಬೇಕಿತ್ತು. ಆ ರಾಶಿಯ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದಿಲ್ಲಿಯಲ್ಲಿ ಕಚೇರಿ ಇಟ್ಟು, ಭಾರತದ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಲ್ಲಿಯ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿತು. ಕನ್ನಡ ಪುಸ್ತಕಗಳೂ ಆ ಮೂಟೆಗಳಲ್ಲಿ ಹೋದವು. ಇಲ್ಲಿ ಎಲ್ಲೂ ಸಿಗದ ಪುಸ್ತಕದ ಪ್ರತಿ ಅಲ್ಲಿ ಸಿಕ್ಕಿತು ಎಂಬ ಮಾತನ್ನು ಸಂಶೋಧಕರ ಬಾಯಲ್ಲಿ ಈಗಲೂ ಕೇಳುತ್ತೇವೆ. ನಾವು ತಿಂದ ಗೋಧಿಯ ದುಡ್ಡಿನಿಂದ ನಮ್ಮದೇ ಪುಸ್ತಕಗಳು ಬೇರೆಡೆ ಜೋಪಾನವಾದವು. ಇದಕ್ಕೆ ಸಂತೋಷಪಡಬೇಕೋ ಸಂಕಟಪಡಬೇಕೋ ನನಗೆ ಇಂದಿಗೂ ತಿಳಿಯದು. ಎರಡೂ ಆಗುತ್ತದೆ.

ಹೊರಗಿನ ಹಣ ಬಂದಾಗಲೂ ಕೆಲಸ ಹೇಗೆ ನಡೆಯಬೇಕು ಎಂಬುದಕ್ಕೆ ನನಗೆ ಮಾದರಿಯಾಗಿ ಕಾಣುವುದು ತುಳುನಾಡಿನಲ್ಲಿ ನಡೆದ ಒಂದು ಕೆಲಸ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಹತ್ತಿರ ಮಾಚಾರಿನಲ್ಲಿ ಗೋಪಾಲ ನಾಯ್ಕ ಎಂಬ ಕೃಷಿಕರಿದ್ದರು. ಶಾಲೆಯ ಓದಿಲ್ಲ. ಸಿರಿ ಜಾತ್ರೆಯಲ್ಲಿ ಸಿರಿಗಳ ತಂಡವನ್ನು ನಡೆಸುವ ಅವರಿಗೆ ಸಿರಿ ಪಾಡ್ದನ ಎಂಬ ತುಳು ಹಾಡುಗಬ್ಬ ಪೂರ್ತಿ ಕಂಠಸ್ಥ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಜಾನಪದ ಪ್ರಾಧ್ಯಾಪಕ ಲೌರಿ ಹೊಂಕೊ ಮತ್ತು ಅವರ ಪತ್ನಿ ಅನ್ನೆಲಿ ಇಲ್ಲಿಗೆ ಬಂದರು. ಮಂಗಳೂರು ವಿಶ್ವವಿದ್ಯಾಲಯದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಜೊತೆಗೂಡಿದರು. 1990ರ ಡಿಸೆಂಬರಿನಲ್ಲಿ ನಾಯ್ಕರು ದಿನಗಟ್ಟಲೆ ಕುಳಿತು ಹಾಡಿ ಮುಗಿಸಿದ ಸಾಲುಗಳು 15,683. ಹೋಮರನ ‘ಇಲಿಯಡ್’ನ ಸಾಲುಗಳು 15,693. ಹತ್ತೇ ಸಾಲಿನ ಅಂತರ! ಗದ್ದೆಯ ಬದುವಿನಲ್ಲಿ ಹಾಡುತ್ತಿದ್ದ ಒಬ್ಬ ರೈತನ ಕೊರಳಿನಲ್ಲಿ ಅಷ್ಟು ದೊಡ್ಡ ಮಹಾಕಾವ್ಯ ಇತ್ತೆಂಬುದು ಅಲ್ಲಿಯವರೆಗೆ ಲೋಕಕ್ಕೆ ಗೊತ್ತಿರಲಿಲ್ಲ.

ರೆಕಾರ್ಡ್ ಮಾಡಿದ್ದು 1990ರಲ್ಲಿ, ಹೆಲ್ಸಿಂಕಿಯಲ್ಲಿ ಎರಡು ಸಂಪುಟವಾಗಿ ಅಚ್ಚಾದದ್ದು 1998ರಲ್ಲಿ. ನಡುವಿನ ಎಂಟು ವರ್ಷ ಕೇಳುವುದು, ಬರೆದುಕೊಳ್ಳುವುದು, ತಿದ್ದುವುದು, ಇಂಗ್ಲಿಷಿಗೆ ತರುವುದು, ಒಂದು ಪದದ ಅರ್ಥಕ್ಕಾಗಿ ಮತ್ತೆ ನಾಯ್ಕರನ್ನೇ ಕೇಳುವುದು ಇದರಲ್ಲೇ ಕಳೆಯಿತು. ಮುಖಪುಟದಲ್ಲಿ ಹಾಡಿದವರ ಹೆಸರೂ ಇದೆ: ‘ಗೋಪಾಲ ನಾಯ್ಕ ಹಾಡಿದ ಸಿರಿ ಕಾವ್ಯ’ ಎಂಬರ್ಥದ ಶೀರ್ಷಿಕೆ ಅದರದ್ದು. ಕೆಲಸದ ಅರ್ಧಕ್ಕೆ ಹಣ ನಿಂತಿದ್ದರೆ ನಮಗೆ ಉಳಿಯುತ್ತಿದ್ದದ್ದು ಕಪಾಟಿನಲ್ಲಿ ದೂಳು ಹಿಡಿದ ಒಂದಷ್ಟು ಕ್ಯಾಸೆಟ್. ‘ಮಾರ್ಚ್ 31ರೊಳಗೆ ಖರ್ಚು ತೋರಿಸಿ, ಬಳಕೆ ಪ್ರಮಾಣಪತ್ರ ಕಳಿಸಿ’ ಎನ್ನುವ ನಿಯಮದಲ್ಲಿ ಸಿರಿ ಕಾವ್ಯ ಪುಸ್ತಕವಾಗುತ್ತಿರಲಿಲ್ಲ.

ಇದೇ ಬಗೆಯ ತಾಳ್ಮೆ ಹಂಪಿಯಲ್ಲೂ ಫಲ ಕೊಟ್ಟಿದೆ. ಕಾರ್ಲಾ ಸಿನೊಪೊಲಿ, ಕ್ಯಾಥ್ಲೀನ್ ಮಾರಿಸನ್ ಎಂಬ ಅಮೆರಿಕದ ಇಬ್ಬರು ಪುರಾತತ್ವಜ್ಞೆಯರು 1987ರಿಂದ ಹತ್ತು ವರ್ಷ ವಿಜಯನಗರದ ಸುತ್ತಲ ಹೊಲ, ಗುಡ್ಡ, ಕೆರೆ, ಕಾಲುವೆಗಳನ್ನು ನಡೆದು ದಾಖಲಿಸಿದರು. ಅರಮನೆ, ಗುಡಿಗಳನ್ನು ನೋಡಿದವರು ಬಹಳ. ಆ ರಾಜಧಾನಿಗೆ ಅನ್ನ ಬೆಳೆದ ಒಣಭೂಮಿಯ ಕೆರೆಗಳನ್ನು ನೋಡಿದವರು ಕಡಿಮೆ. ಇಂದು ನಾವು ಕರಡಿಧಾಮದಿಂದಾಗಿ ಬಲ್ಲ ದರೋಜಿ ಕಣಿವೆಯ ಕೆರೆಗಳ ಚರಿತ್ರೆಯನ್ನು ಮಾರಿಸನ್ 2009ರಲ್ಲಿ ಪುಸ್ತಕ ಮಾಡಿದರು. ಅಮೆರಿಕದ ಸಂಸ್ಕೃತ ವಿದ್ವಾಂಸ ಶೆಲ್ಡನ್ ಪೊಲಾಕ್ ಮೈಸೂರಿನಲ್ಲಿ ವಿದ್ವಾಂಸ ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿ ಹಳಗನ್ನಡ ಓದಿದರು. 2006ರ ಅವರ ದೊಡ್ಡ ಗ್ರಂಥದಲ್ಲಿ ‘ಕವಿರಾಜಮಾರ್ಗ’ಕ್ಕೆ ಸಿಕ್ಕ ಸ್ಥಾನದ ಹಿಂದೆ ಆ ಓದು ಇದೆ. ಅವರ ವಾದಗಳನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಒಪ್ಪದಿರಲಿ. ಆದರೆ ಒಪ್ಪುವ ಮುನ್ನ, ಅಲ್ಲಗಳೆಯುವ ಮುನ್ನ ಅವರಷ್ಟೇ ಓದಬೇಕು, ಅಷ್ಟು ಓದಲು ಬಿಡುವು ಬೇಕು.

ಈಗ ಅಮೆರಿಕದಲ್ಲೇ ಸರ್ಕಾರಿ ಹಣದ ಈ ನೀರು ಬತ್ತುತ್ತಿದೆ. ಅಧ್ಯಾಪಕರ ವಿದೇಶ ಸಂಶೋಧನೆಗೆಂದೇ ಇರುವ ಫುಲ್‌ಬ್ರೈಟ್-ಹೇಸ್ ನೆರವಿಗೆ 2025ರಲ್ಲಿ ಕರೆದಿದ್ದ ಅರ್ಜಿಗಳನ್ನು ಅಲ್ಲಿಯ ಶಿಕ್ಷಣ ಇಲಾಖೆ ರದ್ದುಮಾಡಿತು. ಕನ್ನಡದಂಥ ಭಾಷೆಗೆ ಇದರ ಪೆಟ್ಟು ಹೆಚ್ಚು ಬೀಳುತ್ತದೆ. ಚೀನೀ, ಜಪಾನೀ ಕಲಿಯಲು ಹತ್ತು ದಾರಿ ಇವೆ. ಅಮೆರಿಕದಲ್ಲಿ ಕೂತು ಹಳಗನ್ನಡ ಕಲಿಯಬೇಕೆನ್ನುವ ಹುಡುಗಿಗೆ ಇದ್ದ ದಾರಿ ಒಂದೋ ಎರಡೋ.

ಹೊರಗಿನವರ ಹಣ ನಿಂತಿತೆಂದು ಅಳುತ್ತ ಕೂರುವುದು ನನ್ನ ಉದ್ದೇಶವಲ್ಲ. ನನಗೆ ಹೆಚ್ಚು ನೋಯುವ ಸಂಗತಿ ಬೇರೆ. ಸುಮಾರು ಎಂಬತ್ತು ವರ್ಷಗಳ ಈ ಕಥೆಯಲ್ಲಿ ನೋಡಲು ಹಣ ಕೊಟ್ಟವರು ಯಾವಾಗಲೂ ಅವರು, ನೋಡಿಸಿಕೊಂಡವರು ನಾವು. ನಮ್ಮ ವಿಶ್ವವಿದ್ಯಾಲಯದ ಕನ್ನಡ ಅಧ್ಯಾಪಕಿಯೊಬ್ಬರು ಜಾವಾಕ್ಕೆ ಹೋಗಿ ಒಂದು ವರ್ಷ ಇದ್ದು, ಹಳೆಯ ಜಾವಾ ಭಾಷೆ ಕಲಿತು ಬರಲು ಯಾರು ರಜೆ ಕೊಟ್ಟಾರು? ಇದು ಊಹೆಯ ಆಟವಲ್ಲ. ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದದ್ದು 941ರ ಸುಮಾರಿಗೆ. ಜಾವಾದ ಕವಿ ಸೆಡಾ ತನ್ನ ರಾಜನಿಗಾಗಿ ‘ಭಾರತಯುದ್ಧ’ ಕಾವ್ಯ ಆರಂಭಿಸಿದ್ದು 1157ರಲ್ಲಿ; ಅದನ್ನು ಮುಗಿಸಿದವನು ಪನುಲು. ಈ ಮೂವರೂ ಮಹಾಭಾರತವನ್ನು ತಮ್ಮ ನೆಲದ ಅರಸನ ಆಸ್ಥಾನಕ್ಕೆ, ತಮ್ಮ ನುಡಿಗೆ ಒಗ್ಗಿಸಿಕೊಂಡವರು. ಇವೆರಡನ್ನೂ ಮೂಲದಲ್ಲಿ ಓದಿ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಕನ್ನಡದವರೇ ಮಾಡಬೇಕಾದದ್ದು. ಯಕ್ಷಗಾನ ಬಲ್ಲ ಅಧ್ಯಾಪಕರು ಜಾವಾದ ತೊಗಲುಗೊಂಬೆ ಆಟದ ಮುಂದೆ ಒಂದು ಇಡೀ ರಾತ್ರಿ ಕೂತರೆ ಅವರಿಗೆ ಕಾಣುವುದು ಯೂರೋಪಿನ ಪಂಡಿತರಿಗೆ ಕಂಡದ್ದಕ್ಕಿಂತ ಬೇರೆಯೇ ಇರುತ್ತದೆ.

ನೆರವೇ ಇಲ್ಲ ಎನ್ನುವಂತಿಲ್ಲ. ಯುಜಿಸಿ ಕಾಲೇಜು ಅಧ್ಯಾಪಕರಿಗೆ ವಿದೇಶದ ಸಮ್ಮೇಳನಕ್ಕೆ ಹೋಗಿಬರಲು ಪ್ರಯಾಣ ನೆರವು ಕೊಟ್ಟಿದೆ, ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್ ಇದೆ. ಆದರೆ ಸಮ್ಮೇಳನಕ್ಕೆ ಹೋಗುವುದು ಬೇರೆ, ಒಂದು ಊರಿನಲ್ಲಿ ಇದ್ದು ಬರುವುದು ಬೇರೆ. ಹದಿನೈದು ನಿಮಿಷ ಪ್ರಬಂಧ ಓದಿ, ಗುಂಪು ಫೋಟೊ ತೆಗೆಸಿಕೊಂಡು ಬಂದರೆ ಬಡ್ತಿಯ ಅಂಕ ಸಿಗುತ್ತದೆ, ರಾಂಪುರ ಸಿಗುವುದಿಲ್ಲ. ಕೈಯಿಂದ ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ಹಾಕಿ ಎಂದರೆ ಸಣ್ಣ ಊರಿನ ಅಧ್ಯಾಪಕರು ಅರ್ಜಿಯನ್ನೇ ಹಾಕುವುದಿಲ್ಲ. ಇನ್ನು ಅತಿಥಿ ಉಪನ್ಯಾಸಕರ ಮಾತು ಎತ್ತುವುದೇ ಬೇಡ. ಕರ್ನಾಟಕದ ಕಾಲೇಜುಗಳು ಇಂದು ನಡೆಯುತ್ತಿರುವುದು ಅವರ ಹೆಗಲ ಮೇಲೆ. ಎಷ್ಟು ಚೆನ್ನಾಗಿ ಓದಿದವರಾದರೂ ಕಾಯಂ ಅಲ್ಲವೆಂಬ ಕಾರಣಕ್ಕೆ ಅವರು ಇಂಥ ನೆರವಿನ ಬಾಗಿಲಿನ ಹೊರಗೇ ನಿಲ್ಲಬೇಕು. ಶ್ರೀನಿವಾಸರೇ ಇಂದು ಅತಿಥಿ ಉಪನ್ಯಾಸಕರಾಗಿದ್ದರೆ ಎತ್ತಿನ ಮನೆಗೆ ಹೋಗುವುದು ಹೇಗೆ?

ಆದ್ದರಿಂದ ನಮ್ಮ ಕುಲಪತಿಗಳಲ್ಲಿ, ಸಿಂಡಿಕೇಟ್ ಸದಸ್ಯರಲ್ಲಿ ಒಂದು ಮನವಿ. ಘಟಿಕೋತ್ಸವದ ಶಾಮಿಯಾನಕ್ಕೆ, ಕಟ್ಟಡದ ಮುಂಭಾಗದ ಗ್ರಾನೈಟಿಗೆ ಹೊಂದಿಸುವ ಹಣದಲ್ಲಿ ಒಂದು ಪಾಲು ತೆಗೆದಿಡಿ. ವರ್ಷಕ್ಕೆ ಇಬ್ಬರು ಸಾಕು. ಒಬ್ಬರು ಕರ್ನಾಟಕದ ಒಂದು ಹಳ್ಳಿಗೆ ಹೋಗಲಿ, ಇನ್ನೊಬ್ಬರು ಏಷ್ಯಾದ ಇನ್ನೊಂದು ದೇಶಕ್ಕೆ. ಹಣ ಮೊದಲೇ ಕೊಡಿ. ಒಂದು ವರ್ಷ ಪಾಠದಿಂದ ಬಿಡುಗಡೆ ಮಾಡಿ. ಕಾಯಂ ಆದವರು, ಅತಿಥಿಗಳು ಎಂಬ ಭೇದ ಬೇಡ. ಬಂದ ಕೂಡಲೇ ವರದಿ ಕೇಳಬೇಡಿ, ಅಲ್ಲಿಯ ಭಾಷೆ ಎಷ್ಟು ಕಲಿತಿರಿ ಎಂದು ಕೇಳಿ. ಮುಂದಿನ ಬಜೆಟ್ ಸಭೆಯ ಕಾರ್ಯಸೂಚಿಗೆ ಇದೊಂದು ಸಾಲನ್ನು ಸೇರಿಸಿ.