ಹಳೆಯ ಡೀಸೆಲ್ ಕಾರಿನ ಗಾಳಿಯ ತೂಬು: ಇಳಕಲ್ಲಿನಲ್ಲಿ ಕಂಡ ಒಂದು ದುರಸ್ತಿ

ಅಡಿಕೆಯ ಧಾರಣೆ, ಕಾಫಿಯ ಕಾಯಿಕೊರಕ, ಬೋರ್ಡೋ ದ್ರಾವಣ ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ಮೋಟಾರು ಕಾರಿನ ದುರಸ್ತಿಯ ಮಾತೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣವಿದೆ. ವಾರ್ಷಿಕ ಸಭೆಯ ದಿನ ನಮ್ಮ ಸಂಘದ ಅಂಗಳದಲ್ಲಿ ನಿಲ್ಲುವ ಕಾರುಗಳಲ್ಲಿ ಹೊಸವು ಕಡಿಮೆ, ಹತ್ತು ಹನ್ನೆರಡು ವರ್ಷ ದಾಟಿದ ಡೀಸೆಲ್ ಕಾರುಗಳೇ ಹೆಚ್ಚು. ಈಚೆಗೆ ಮೂವರು ಸದಸ್ಯರು ಬೇರೆ ಬೇರೆ ಸಂದರ್ಭದಲ್ಲಿ ಒಂದೇ ದೂರನ್ನು ನಮ್ಮ ಮುಂದೆ ಇಟ್ಟರು: ಮುಂದಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿದೆ, ಏರಿನಲ್ಲಿ ಗಾಡಿ ಎಳೆಯುತ್ತಿಲ್ಲ, ಪೇಟೆಯ ವರ್ಕ್‌ಶಾಪಿನವರು ‘ಇನ್‌ಟೇಕ್ ಮ್ಯಾನಿಫೋಲ್ಡ್ ಪೂರ್ತಿ ಬದಲಾಯಿಸಬೇಕು’ ಎಂದು ನಲವತ್ತು ಐವತ್ತು ಸಾವಿರದ ಅಂದಾಜುಪಟ್ಟಿ ಕೈಗಿಟ್ಟಿದ್ದಾರೆ. ಅಷ್ಟು ಹಣಕ್ಕೆ ಒಂದು ಎಕರೆ ತೋಟಕ್ಕೆ ಗೊಬ್ಬರ ಹಾಕಿಸಬಹುದು. ಆದುದರಿಂದ ಈ ಭಾಗ ಏನು, ಕೆಡುವುದು ಎಲ್ಲಿ, ಬದಲಾಯಿಸದೆಯೇ ಸರಿಮಾಡುವುದು ಯಾವಾಗ ಸಾಧ್ಯ ಎಂಬುದನ್ನು ನಮ್ಮ ಅನುಭವದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ.

ಮ್ಯಾನಿಫೋಲ್ಡ್ ಎಂದರೆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳ ಗೊಂಚಲು. ಈ ಕಾಲದ ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಒಂದೊಂದು ಸಿಲಿಂಡರಿಗೆ ಎರಡೆರಡು ಗಾಳಿಬಾಯಿಗಳಿದ್ದು, ಅವುಗಳಲ್ಲಿ ಒಂದಕ್ಕೆ ಚಿಕ್ಕ ಕದವಿರುತ್ತದೆ. ತೋಟದ ಕಾಲುವೆಯ ಎರಡು ಬಾಯಿಗಳಲ್ಲಿ ಒಂದನ್ನು ಹೆಂಟೆಯಿಟ್ಟು ಮುಚ್ಚಿದರೆ ಇನ್ನೊಂದರಲ್ಲಿ ನೀರು ರಭಸದಿಂದ ನುಗ್ಗುವುದನ್ನು ನಾವೆಲ್ಲ ಕಂಡಿದ್ದೇವಷ್ಟೆ. ಇಲ್ಲಿಯೂ ಅದೇ ನ್ಯಾಯ. ಎಂಜಿನ್ ನಿಧಾನವಾಗಿ ತಿರುಗುವಾಗ ಕದ ಮುಚ್ಚುತ್ತದೆ. ಉಳಿದ ಬಾಯಿಯಿಂದ ನುಗ್ಗುವ ಗಾಳಿ ಸಿಲಿಂಡರಿನೊಳಗೆ ಸುಳಿಯಾಗಿ ಸುತ್ತಿ ಡೀಸೆಲ್ಲಿನೊಡನೆ ಚೆನ್ನಾಗಿ ಬೆರೆಯುತ್ತದೆ. ವೇಗ ಹೆಚ್ಚಿದಾಗ ಕದ ತೆರೆದು ಗಾಳಿ ಧಾರಾಳವಾಗಿ ಹೋಗುತ್ತದೆ. ಈ ಕದಗಳೆಲ್ಲ ಒಂದೇ ಕಂಬಿಗೆ ಪೋಣಿಸಿದವು. ಆ ಕಂಬಿಯನ್ನು ತಿರುಗಿಸುವ ಅಂಗವೇ ಆಕ್ಚುಯೇಟರ್.

ಆಕ್ಚುಯೇಟರಿನಲ್ಲಿ ಎರಡು ಜಾತಿ. ಒಂದು, ನಿರ್ವಾತದಿಂದ ನಡೆಯುವುದು: ತಗಡಿನ ಡಬ್ಬಿ, ಒಳಗೆ ರಬ್ಬರಿನ ಪರೆ, ಹಿಂದೆ ಸ್ಪ್ರಿಂಗು, ಮುಂದೆ ಒಂದು ಸರಳು. ಎಂಜಿನ್ನಿಗೆ ಜೋಡಿಸಿದ ಪಂಪು ಗಾಳಿಯನ್ನು ಹೀರುತ್ತದೆ, ವಿದ್ಯುತ್ ಕವಾಟ ಬಾಯಿ ತೆರೆಯುತ್ತದೆ, ಪರೆ ಸರಳನ್ನು ಎಳೆಯುತ್ತದೆ. ಇನ್ನೊಂದು, ಪುಟ್ಟ ಮೋಟಾರು ಮತ್ತು ಪ್ಲಾಸ್ಟಿಕ್ ಹಲ್ಲುಚಕ್ರಗಳಿಂದ ನಡೆಯುವುದು. ಎರಡರಲ್ಲಿಯೂ ಕದ ಎಷ್ಟು ತಿರುಗಿತೆಂದು ಎಂಜಿನ್ನಿನ ಗಣಕಕ್ಕೆ ವರದಿ ಮಾಡುವ ಒಂದು ಸೆನ್ಸರು ಸಾಮಾನ್ಯವಾಗಿ ಇರುತ್ತದೆ. ಗಣಕ ಹೇಳಿದ್ದಕ್ಕೂ ಸೆನ್ಸರಿನ ವರದಿಗೂ ತಾಳೆಯಾಗದಿದ್ದರೆ ಹಳದಿ ದೀಪ ಹತ್ತುತ್ತದೆ. ಅನೇಕ ಕಾರುಗಳಲ್ಲಿ ಎಂಜಿನ್ನಿನ ಶಕ್ತಿಯನ್ನೂ ಗಣಕವೇ ಮೊಟಕುಗೊಳಿಸುತ್ತದೆ.

ಇದು ನಮಗೆ ಪುಸ್ತಕದಿಂದಷ್ಟೇ ತಿಳಿದದ್ದಲ್ಲ. ಬನಶಂಕರಿಯ ಜಾತ್ರೆ ಮುಗಿದ ವಾರ ನಾವು ನಾಲ್ವರು, 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ನೋಡಲು ಹೋಗಿದ್ದೆವು. ಶಿರಸಿಯ ತೋಟಗಾರಿಕೆ ಕಾಲೇಜು ಅದಕ್ಕೇ ಸೇರಿದ್ದಾದ್ದರಿಂದ ಬಯಲುಸೀಮೆಯಲ್ಲಿದ್ದರೂ ಅದು ಅಡಿಕೆ ಬೆಳೆಗಾರರಿಗೆ ಪರಕೀಯವಲ್ಲ. ಹಿಂದಿನ 13ನೆಯ ರಾಷ್ಟ್ರೀಯ ಹೆದ್ದಾರಿ ಮಂಗಳೂರಿನಿಂದ ಹೊರಟು ನಮ್ಮ ಕೊಪ್ಪ, ತೀರ್ಥಹಳ್ಳಿಗಳನ್ನು ಹಾಯ್ದು ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆಗಳ ಮೇಲೆ ಇಳಕಲ್ಲು, ಹುನಗುಂದ ದಾಟಿ ಸೊಲ್ಲಾಪುರ ಸೇರುತ್ತಿತ್ತು. ಈಗ ಅದು ತುಂಡುತುಂಡಾಗಿ ಬೇರೆ ಬೇರೆ ಸಂಖ್ಯೆ ಪಡೆದಿದೆ; ದಾರಿ ಮಾತ್ರ ಅದೇ.

ಬಾದಾಮಿಯಲ್ಲಿ ಮೂರನೆಯ ಗುಹೆಯ ವಿಷ್ಣುವನ್ನು ನೋಡಿಕೊಂಡು (ಅಲ್ಲಿಯ ಶಾಸನ ಕ್ರಿ.ಶ. 578ರದು) ಗುಳೇದಗುಡ್ಡದ ದಾರಿ ಹಿಡಿದಾಗ ಕಲ್ಲುಗುಡ್ಡದ ಏರಿನಲ್ಲಿ ನಮ್ಮ ಹದಿನಾಲ್ಕು ವರ್ಷದ ಡೀಸೆಲ್ ಕಾರು ಮುಗ್ಗರಿಸಿತು. ದೀಪ ಹತ್ತಿತು. ಎರಡನೆಯ ಗೇರಿನಲ್ಲಿ ಎಳೆತವಿಲ್ಲ. ಅದಕ್ಕಿಂತ ಹೆಚ್ಚಾಗಿ ನಮ್ಮ ಮನಸ್ಸಿಗೆ ಹತ್ತಿದ್ದು ಬೇರೊಂದು: ಇಳಿಜಾರಿನಲ್ಲಿ ಮೂರು ನಾಲ್ಕು ಬಾರಿ ಬ್ರೇಕು ಒತ್ತಿದ ಮೇಲೆ ಪೆಡಲು ಗಟ್ಟಿಯಾಗತೊಡಗಿತು. ಅಮೀನಗಡದಲ್ಲಿ ಕರದಂಟು ಕೊಳ್ಳಲೆಂದು ನಿಂತಾಗ ಜೊತೆಗಿದ್ದ ನಿರ್ದೇಶಕರೊಬ್ಬರು ಸ್ಟಿಯರಿಂಗಿನ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ತಮ್ಮ ಪುಟ್ಟ ಯಂತ್ರವನ್ನು ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರು. ಪಿ 2015 ಎಂಬ ಸಂಕೇತ: ಕದದ ಸ್ಥಾನದ ವರದಿ ಮಿತಿಯೊಳಗಿಲ್ಲ ಎಂದು ಅರ್ಥ. ಇದೇ ಸಾಲಿನಲ್ಲಿ ಪಿ 2004 ಎಂದರೆ ಕದ ತೆರೆದೇ ಸಿಕ್ಕಿಕೊಂಡಿದೆ, ಪಿ 2006 ಎಂದರೆ ಮುಚ್ಚಿಯೇ ಸಿಕ್ಕಿಕೊಂಡಿದೆ. ಸಂಕೇತವು ಯಾವ ಅಂಗದ ಕೆಲಸ ಕೆಟ್ಟಿದೆ ಎನ್ನುತ್ತದೆಯೇ ಹೊರತು ಯಾವ ಬಿಡಿಭಾಗ ಕೊಳ್ಳಬೇಕು ಎನ್ನುವುದಿಲ್ಲ. ಅಂದಾಜುಪಟ್ಟಿಗಳು ಹಿಗ್ಗುವುದು ಇಲ್ಲಿಯೇ.

ಹುನಗುಂದದ ಮೇಲೆ ಮೆಲ್ಲನೆ ಇಳಕಲ್ಲಿಗೆ ಬಂದೆವು. ಸೀರೆಯ ಊರೆಂದು ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು; ಕೆಂಪು ಗ್ರಾನೈಟಿನ ಊರೂ ಹೌದು. ಕಲ್ಲು ಸಾಗಿಸುವ ಲಾರಿಗಳಿದ್ದಲ್ಲಿ ಒಳ್ಳೆಯ ಮೆಕ್ಯಾನಿಕ್ಕರೂ ಇರುತ್ತಾರೆ. ಹೆದ್ದಾರಿಯ ಬದಿಯ ಒಂದು ಲಾರಿ ಗ್ಯಾರೇಜಿನ ಯಜಮಾನರು, ಅರವತ್ತರ ಹಿರಿಯರು, ಬಾನೆಟ್ ಎತ್ತಿ ಎರಡು ನಿಮಿಷ ಸುಮ್ಮನೆ ಕೇಳಿಸಿಕೊಂಡು, “ಎಂಜಿನ್ ಆರಾಮ ಐತ್ರಿ ಸಾಹೇಬ್ರ, ಎಲ್ಲೋ ಉಸಿರು ಸೋರಾಕತ್ತೈತಿ” ಎಂದರು.

ಅವರು ಮಾಡಿದ ಪರೀಕ್ಷೆಯನ್ನು ಯಾರೂ ಮಾಡಬಹುದು. ಎಂಜಿನ್ ನಿಲ್ಲಿಸಿ ಡಬ್ಬಿಯ ರಬ್ಬರು ನಳಿಗೆಯನ್ನು ಬಿಚ್ಚಿ, ಅದಕ್ಕೆ ಒಂದು ಶುದ್ಧವಾದ ನಳಿಗೆ ಸಿಕ್ಕಿಸಿ ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿ ಹಿಡಿದರು. ಸರಳು ಒಳಗೆ ಸರಿದು ಅಲ್ಲಿಯೇ ನಿಂತಿತು. ಅಂದರೆ ಪರೆ ಹರಿದಿಲ್ಲ. ಮೆಲ್ಲಗೆ ಹಿಂದೆ ಜಾರಿದ್ದರೆ ಡಬ್ಬಿಯನ್ನೇ ಬದಲಾಯಿಸಬೇಕಿತ್ತು. ಕೈ ಪಂಪಿದ್ದರೆ ಪಾದರಸದ ಲೆಕ್ಕದಲ್ಲಿ 500 ಮಿಲಿಮೀಟರಿಗೆ ಎಳೆದು ಒಂದು ನಿಮಿಷ ಮುಳ್ಳನ್ನು ನೋಡಿದರೆ ಸಾಕು. ಬಳಿಕ ನಳಿಗೆಯ ಜಾಡು ಹಿಡಿದು ಹಿಂದಕ್ಕೆ ಹೋದರು. ವಿದ್ಯುತ್ ಕವಾಟಕ್ಕೆ ಮೊದಲು, ಎಂಜಿನ್ನಿನ ಬಿಸಿಗೆ ಸದಾ ಒಡ್ಡಿಕೊಂಡಿರುವ ಒಂದು ಕ್ಲಿಪ್ಪಿನ ಅಡಿಯಲ್ಲಿ, ರಬ್ಬರು ಬೆಂದು ಕೂದಲೆಳೆಯಷ್ಟು ಸೀಳಿತ್ತು. ಬ್ರೇಕಿನ ಬೂಸ್ಟರಿಗೂ ಇದೇ ಪಂಪಿನಿಂದ ನಿರ್ವಾತ ಹೋಗುವುದರಿಂದ ಪೆಡಲು ಗಟ್ಟಿಯಾದದ್ದರ ಗುಟ್ಟೂ ಅಲ್ಲಿಯೇ ತಿಳಿಯಿತು. ಈ ಒಂದು ಮಾತನ್ನು ಘಟ್ಟದ ದಾರಿಯ ಸದಸ್ಯರು ಗಮನಿಸಬೇಕು. ಎಳೆತ ಕಡಿಮೆಯಾದರೆ ತಡವಾಗಿ ಮನೆ ಸೇರಬಹುದು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಬ್ರೇಕಿನ ಬಲ ಕುಗ್ಗುವುದು ಬೇರೆಯೇ ವಿಷಯ. ದೀಪದ ಜೊತೆಗೆ ಪೆಡಲು ಗಟ್ಟಿಯಾದರೆ ಗಾಡಿಯನ್ನು ಘಟ್ಟಕ್ಕೆ ಇಳಿಸಕೂಡದು.

ದಪ್ಪ ಗೋಡೆಯ ಹೊಸ ನಳಿಗೆ ಹಾಕಿದರು. (ತೆಳುವಾದದ್ದು ಹೀರುವಾಗ ತಾನೇ ಚಪ್ಪಟೆಯಾಗುತ್ತದೆ.) ಬ್ರೇಕು ಸರಿಹೋಯಿತು. ಸಂಕೇತ ಅಳಿಸಿ ಹುನಗುಂದದ ಕಡೆಗೆ ಆರೇಳು ಕಿಲೋಮೀಟರು ಓಡಿಸಿದರೆ, ಮತ್ತೆ ಅದೇ ದೀಪ, ಅದೇ ಪಿ 2015.

ಆ ಹಿರಿಯರು ಬೇಸರಿಸಲಿಲ್ಲ. ಒಬ್ಬ ಹುಡುಗನನ್ನು ಕೀಲಿಯ ಬಳಿ ಕೂರಿಸಿ ಎಂಜಿನ್ ಹಚ್ಚು, ಆರಿಸು ಎಂದು ಹತ್ತು ಸಲ ಹೇಳಿ, ತಾವು ಬ್ಯಾಟರಿ ಹಿಡಿದು ಸರಳನ್ನೇ ನೋಡುತ್ತ ನಿಂತರು. ಸರಳು ಪೂರ್ತಿ ಎಳೆಯುತ್ತಿತ್ತು, ಕಂಬಿಯ ಕೈ ಮಾತ್ರ ಮುಕ್ಕಾಲು ತಿರುಗಿ ನಿಲ್ಲುತ್ತಿತ್ತು. ಸರಳಿನ ತುದಿಯ ಪ್ಲಾಸ್ಟಿಕ್ ಬಟ್ಟಲು ಕೈಯ ಗುಂಡಿನ ಮೇಲೆ ಕೂರುವ ಕಡೆ ಸವೆದು ಸಡಿಲವಾಗಿತ್ತು. ಅಷ್ಟೇ. ಬಟಾಣಿಗಿಂತ ಸ್ವಲ್ಪ ದೊಡ್ಡದಾದ ಆ ಬಟ್ಟಲಿನ ದೆಸೆಯಿಂದಲೇ ಮ್ಯಾನಿಫೋಲ್ಡ್ ಪೂರ್ತಿ ಬದಲಾಯಿಸುವ ಮಾತು ಬರುವುದು.

ಅವರು ಹಳೆಯ ತುದಿಯನ್ನು ಕತ್ತರಿಸುವ ಮೊದಲು ಸರಳಿನ ಉದ್ದವನ್ನು ವರ್ನಿಯರಿನಲ್ಲಿ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದರು. ಇದು ಮುಖ್ಯ. ಒಂದು ಮಿಲಿಮೀಟರು ಹೆಚ್ಚುಕಡಿಮೆಯಾದರೂ ಕದ ನಿಲ್ಲುವ ಜಾಗ ಬದಲಾಗಿ ಸೆನ್ಸರಿನ ವರದಿ ತಪ್ಪುತ್ತದೆ. ಆಮೇಲೆ ಸರಳಿಗೆ ಸಣ್ಣ ಮರೆ ಕೊರೆದು, ಆಕ್ಸಿಲರೇಟರ್ ಕೊಂಡಿಗಳಿಗೆ ಬಳಸುವ ಉಕ್ಕಿನ ಬಟ್ಟಲನ್ನು ತಿರುಗಿಸಿ ಕೂರಿಸಿ, ಅಳತೆಗೆ ತಂದು ಚೆಕ್‌ನಟ್ ಬಿಗಿದರು. ನಳಿಗೆ, ಬಟ್ಟಲು, ಕೂಲಿ ಎಲ್ಲ ಸೇರಿ 850 ರೂಪಾಯಿ. ದುರಸ್ತಿ ಒಣಗಲೆಂದು ಕಾಯಬೇಕಾದ ಅಂಟೂ ಇಲ್ಲ, ಗಿಂಟೂ ಇಲ್ಲ. ಕೆಲಸ ನಡೆಯುವಾಗ ಪಕ್ಕದ ಓಣಿಯಲ್ಲಿ ಮಗ್ಗ ನೋಡಿ ಬಂದೆವು; ಇಳಕಲ್ ಸೀರೆಯಲ್ಲಿ ಮೈಯ ಹಾಸೆಳೆಗಳಿಗೆ ಸೆರಗಿನ ಹಾಸೆಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವುದನ್ನು ಕಂಡ ಮೇಲೆ ಆ ಊರಿನವರ ತಾಳ್ಮೆಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಊರಿಗೆ ಬಂದ ಮೇಲೆ ಮ್ಯಾನಿಫೋಲ್ಡನ್ನು ಇಳಿಸಿ ಶುಚಿ ಮಾಡಿಸಿದೆವು. ಬಟ್ಟಲು ಸವೆಯುವುದಕ್ಕೆ ಮೂಲ ಅಲ್ಲಿಯೇ ಇದೆ. ಹೊಗೆಯ ಒಂದಂಶವನ್ನು ಮರಳಿ ಒಳಗೆ ಬಿಡುವ ಇ.ಜಿ.ಆರ್. ವ್ಯವಸ್ಥೆಯ ಮಸಿಯೂ ಎಂಜಿನ್ನಿನ ಎಣ್ಣೆಯ ಆವಿಯೂ ಕೂಡಿ ಕದಗಳ ಸುತ್ತ ಡಾಂಬರಿನಂತೆ ಕಟ್ಟಿಕೊಳ್ಳುತ್ತವೆ. ಕದ ಬಿಗಿಯಾದಷ್ಟೂ ಸರಳಿನ ತುದಿಗೆ ಜಗ್ಗಾಟ ಹೆಚ್ಚು. ಶುಚಿ ಮಾಡಿಸುವವರು ನಾಲ್ಕು ವಿಷಯ ನೋಡಿಕೊಳ್ಳಬೇಕು. ಮ್ಯಾನಿಫೋಲ್ಡ್ ಇಳಿಸಿದ ಕೂಡಲೇ ಎಂಜಿನ್ನಿನ ಗಾಳಿಬಾಯಿಗಳಿಗೆ ಶುದ್ಧ ಬಟ್ಟೆ ತುರುಕಬೇಕು, ಒಂದು ವಾಶರ್ ಒಳಗೆ ಬಿದ್ದರೆ ಎಂಜಿನ್ನೇ ಹೋದಂತೆ. ಅನೇಕ ಮ್ಯಾನಿಫೋಲ್ಡುಗಳು ಪ್ಲಾಸ್ಟಿಕ್ಕಿನವು, ಬೆಂಕಿಯಿಂದ ಸುಡುವುದಾಗಲಿ ಕಾಸ್ಟಿಕ್ಕಿನಲ್ಲಿ ಕುದಿಸುವುದಾಗಲಿ ಕೂಡದು. ಸೆನ್ಸರನ್ನೂ ಡಬ್ಬಿಯನ್ನೂ ಬಿಚ್ಚಿಟ್ಟು ಸೀಮೆಎಣ್ಣೆ ಮತ್ತು ನೈಲಾನ್ ಬ್ರಷ್ಷಿನಿಂದ ತಿಕ್ಕಬೇಕು. ಬಳಿಕ ಪೂರ್ತಿ ಒಣಗಿಸಬೇಕು, ಏಕೆಂದರೆ ಡೀಸೆಲ್ ಎಂಜಿನ್ನು ಗಾಳಿಯ ದಾರಿಯಲ್ಲಿ ಉಳಿದ ಎಣ್ಣೆಯನ್ನೂ ಇಂಧನವೆಂದೇ ಉರಿಸಿ ಹಿಡಿತ ತಪ್ಪಿ ಓಡಬಲ್ಲದು. ಗ್ಯಾಸ್ಕೆಟ್ ಹೊಸದನ್ನೇ ಹಾಕಬೇಕು.

ಕದಗಳನ್ನೇ ಕಿತ್ತೆಸೆದು ಬಾಯಿ ಮುಚ್ಚಿಬಿಡಿ ಎನ್ನುವ ಸಲಹೆಗಾರರೂ ಇದ್ದಾರೆ. ನಾವು ಒಪ್ಪುವುದಿಲ್ಲ, ಹೊಗೆ ಹೆಚ್ಚುತ್ತದೆ, ನಿಧಾನದ ಎಳೆತ ಕುಗ್ಗುತ್ತದೆ. ಆದರೆ ಕಂಬಿಯೇ ಅಲ್ಲಾಡುತ್ತಿದ್ದರೆ ಮಾತ್ರ ಜಿಪುಣತನ ಬೇಡ. ಬಿ.ಎಂ.ಡಬ್ಲ್ಯು. ಕಂಪನಿಯ ಎಂ47, ಎಂ57 ಡೀಸೆಲ್ ಎಂಜಿನ್ನುಗಳಲ್ಲಿ ಕದ ಮುರಿದು ಸಿಲಿಂಡರಿಗೆ ಬಿದ್ದ ನಿದರ್ಶನಗಳು ಪ್ರಸಿದ್ಧವಾಗಿವೆ. ಅಂಥಲ್ಲಿ ಮ್ಯಾನಿಫೋಲ್ಡ್ ಬದಲಾಯಿಸುವುದೇ ಸರಿ. ಮೋಟಾರು ಜಾತಿಯ ಆಕ್ಚುಯೇಟರಿನಲ್ಲಿ ಒಳಗಿನ ಹಲ್ಲು ಮುರಿದಿದ್ದರೂ ಅಷ್ಟೆ, ಆ ಅಂಗವನ್ನು ಹೊಸದಾಗಿ ತರಬೇಕು, ಹಾಕಿದ ಮೇಲೆ ಸ್ಕ್ಯಾನರಿನಿಂದ ಗಣಕಕ್ಕೆ ಹೊಸ ಮಿತಿಗಳನ್ನು ಕಲಿಸಬೇಕು.

ಸಂಘದ ಆಡಳಿತ ಮಂಡಳಿಯ ಒಪ್ಪಿಗೆಯ ಮೇಲೆ ಒಂದು ಕೈ ನಿರ್ವಾತ ಪಂಪು ಮತ್ತು ಒಂದು ಸಂಕೇತ ಓದುವ ಯಂತ್ರವನ್ನು ತರಿಸಿ, ಔಷಧಿ ಹೊಡೆಯುವ ಪಂಪುಗಳ ಕೊಠಡಿಯಲ್ಲಿ ಇಟ್ಟಿದ್ದೇವೆ. ಸದಸ್ಯರು ವಹಿಯಲ್ಲಿ ಸಹಿ ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ದಪ್ಪ ಗೋಡೆಯ ನಿರ್ವಾತ ನಳಿಗೆ ಮಾರಾಟ ವಿಭಾಗದಲ್ಲಿ ಮೀಟರಿನ ಲೆಕ್ಕದಲ್ಲಿ ದೊರೆಯುತ್ತದೆ. ಹಳೆಯ ನಳಿಗೆಯ ಒಂದು ತುಂಡನ್ನು ಅಳತೆಗೆಂದು ತರಬೇಕು.