ಝೇಂಕಾರದ ಹಕ್ಕಿಯ ಚಿತ್ರಪಟ

ನಮ್ಮ ತೋಟಗಳಲ್ಲಿ ಹೂವಿನ ಮಧುವನ್ನು ಹೀರುವ ಸೂರಕ್ಕಿಯನ್ನು ಕಂಡು ಅದನ್ನೇ ಝೇಂಕಾರದ ಹಕ್ಕಿಯೆಂದು ಭಾವಿಸುವವರುಂಟು. ಆದರೆ ಝೇಂಕಾರದ ಹಕ್ಕಿಗಳ ಕುಲವು ಅಮೆರಿಕ ಖಂಡಗಳಿಗೆ ಮಾತ್ರ ಸೇರಿದುದು. ಇವು ರೆಕ್ಕೆಗಳನ್ನು ಅತಿವೇಗವಾಗಿ ಬಡಿಯುತ್ತ, ಹೂವಿನ ಮುಂದೆ ಗಾಳಿಯಲ್ಲಿಯೇ ನಿಂತು ಮಧುಪಾನ ಮಾಡುತ್ತವೆ. ಆ ಬಡಿತದ ನಾದವೇ ಇವುಗಳ ಹೆಸರಿಗೆ ಕಾರಣ.

ಈ ಕುಲದಲ್ಲಿ ಅತ್ಯಂತ ವಿಚಿತ್ರವಾದುದು ಪೆರು ದೇಶದ ಉತ್ತರದ ಬೆಟ್ಟಗಾಡುಗಳಲ್ಲಿ ಮಾತ್ರ ವಾಸಿಸುವ ಒಂದು ಹಕ್ಕಿ. ಸಟ್ಟುಗವನ್ನು ಹೋಲುವ ಬಾಲದಿಂದಾಗಿ ಇದಕ್ಕೆ ‘ಸ್ಪ್ಯಾಚುಲ್‌ಟೇಲ್’ ಎಂಬ ಹೆಸರು ಬಂದಿದೆ. ಇದರ ತೂಕ ಸುಮಾರು 3 ಗ್ರಾಂ. ಬಾಲದಲ್ಲಿರುವುದು ನಾಲ್ಕೇ ಗರಿಗಳು. ಗಂಡುಹಕ್ಕಿಯಲ್ಲಿ ಅವುಗಳ ಪೈಕಿ ಎರಡು ತಂತಿಯಂತೆ ನೀಳವಾಗಿ ಬೆಳೆದು, ಒಂದನ್ನೊಂದು ಹಾಯ್ದು, ತುದಿಯಲ್ಲಿ ನೇರಿಳೆಮಿಶ್ರಿತ ನೀಲಿಯ ಬಿಲ್ಲೆಗಳಾಗಿ ಕೊನೆಗೊಳ್ಳುತ್ತವೆ.

1835ರಲ್ಲಿ ಆಂಡ್ರ್ಯೂ ಮ್ಯಾಥ್ಯೂಸ್ ಎಂಬವರು ಇಂಥ ಒಂದು ಗಂಡುಹಕ್ಕಿಯನ್ನು ಸಂಗ್ರಹಿಸಿದರು. ಅದರ ಒಣಗಿಸಿದ ಚರ್ಮವು ಲಂಡನ್ನಿನಲ್ಲಿದ್ದ ಜಾರ್ಜ್ ಲಾಡಿಜಸ್ ಅವರ ಸಂಗ್ರಹವನ್ನು ಸೇರಿತು. 1880ರ ಸುಮಾರಿನವರೆಗೂ ವಿದ್ವಾಂಸರ ಕೈಗೆ ದೊರೆತ ಮಾದರಿ ಅದೊಂದೇ.

ಅದೇ ಕಾಲದಲ್ಲಿ ಇಂಗ್ಲೆಂಡಿನ ಜಾನ್ ಗೌಲ್ಡ್ ಈ ಇಡೀ ಕುಲವನ್ನು ಚಿತ್ರಿಸುವ ಮಹಾಗ್ರಂಥವನ್ನು ಕೈಗೊಂಡರು. 1849ರಿಂದ 1861ರವರೆಗೆ ಐದು ಸಂಪುಟಗಳಲ್ಲಿ 360 ಚಿತ್ರಪಟಗಳು ಹೊರಬಂದವು. ಸ್ಪ್ಯಾಚುಲ್‌ಟೇಲಿಗೂ ಅಲ್ಲಿ ಸ್ಥಾನ ದೊರೆಯಿತು. ಕಲ್ಲಚ್ಚಿನಲ್ಲಿ ಮುದ್ರಿಸಿದ ಪ್ರತಿಯೊಂದು ಪಟಕ್ಕೂ ಕೈಯಿಂದಲೇ ಬಣ್ಣ ಹಚ್ಚಬೇಕಾಗಿತ್ತು.

ಆದರೆ ಈ ಹಕ್ಕಿಗಳ ಹೊಳಪನ್ನು ಬಣ್ಣದಲ್ಲಿ ಹಿಡಿಯುವುದು ಸುಲಭವಲ್ಲ. ಅದು ಕೇವಲ ವರ್ಣದ್ರವ್ಯದ ಗುಣವಲ್ಲ. ಗರಿಯೊಳಗಿನ ಅತಿಸೂಕ್ಷ್ಮ ಪದರಗಳಿಂದ ಮರಳಿ ಬರುವ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ ಆ ಹೊಳಪನ್ನುಂಟುಮಾಡುತ್ತವೆ. ಸೋಪಿನ ಗುಳ್ಳೆಯಲ್ಲಿ ಬಣ್ಣಗಳು ಆಡುವಂತೆ, ನೋಡುವ ಕೋನ ಬದಲಾದರೆ ಇಲ್ಲಿಯೂ ಬಣ್ಣ ಬದಲಾಗುತ್ತದೆ. ಆದುದರಿಂದ ಗೌಲ್ಡರು ಚಿನ್ನದ ತೆಳುಹಾಳೆಯನ್ನು ಅಂಟಿಸಿ, ಅದರ ಮೇಲೆ ಪಾರದರ್ಶಕವಾದ ಬಣ್ಣವನ್ನೂ ಮೆರುಗೆಣ್ಣೆಯನ್ನೂ ಹಚ್ಚುವ ಕ್ರಮವನ್ನು ಬಳಸಿದರು.

1851ರಲ್ಲಿ ಗೌಲ್ಡರು ತಮ್ಮ ಸಂಗ್ರಹವನ್ನು ಲಂಡನ್ನಿನ ಮೃಗಾಲಯದಲ್ಲಿ ಪ್ರದರ್ಶಿಸಿದಾಗ ಸಾವಿರಾರು ಜನರು ನೋಡಿ ಬೆರಗಾದರು. ಆಗ ಗೌಲ್ಡರೇ ಜೀವಂತ ಝೇಂಕಾರದ ಹಕ್ಕಿಯೊಂದನ್ನೂ ಕಂಡಿರಲಿಲ್ಲ! ಆ ಭಾಗ್ಯ ಒದಗಿದುದು 1857ರಲ್ಲಿ, ಅವರು ಅಮೆರಿಕಕ್ಕೆ ಹೋದಾಗ.

ಚರ್ಮವು ಗರಿಯ ಉದ್ದವನ್ನು ಹೇಳಬಲ್ಲುದು, ಅದರ ಉಪಯೋಗವನ್ನಲ್ಲ. ಗಂಡು ಸ್ಪ್ಯಾಚುಲ್‌ಟೇಲ್ ಹೆಣ್ಣಿನ ಮುಂದೆ ಹಾರಾಡುತ್ತ ಆ ಎರಡು ಬಿಲ್ಲೆಗಳನ್ನು ತನ್ನಿಚ್ಛೆಯಂತೆ ಬೀಸಿ ಕುಣಿಸುತ್ತದೆ. ಇದು ತಿಳಿದುಬಂದುದು ಕಾಡಿನಲ್ಲಿ ಕಾದು ಕುಳಿತು ನೋಡಿದವರಿಂದ. ಇಂದು ಬೇಸಾಯಕ್ಕಾಗಿಯೂ ಹುಲ್ಲುಗಾವಲಿಗಾಗಿಯೂ ಆ ಕಾಡುಗಳನ್ನು ಕಡಿಯುತ್ತಿರುವುದರಿಂದ ಹಕ್ಕಿಯ ನೆಲೆ ಕುಗ್ಗುತ್ತಿದೆ. ಕಾಡು ಅಳಿದರೆ ಗೌಲ್ಡರ ಪಟದಲ್ಲಿ ಆ ನೀಲಿ ಬಿಲ್ಲೆಗಳು ಉಳಿದಾವು. ಅವುಗಳ ನರ್ತನವು ಉಳಿಯದು.