ಕನ್ನಡಕದ ಬೆಲೆ ಮತ್ತು ಕನ್ನಡಕದಂಗಡಿಯ ಆಯ್ಕೆ

ತೊಗರಿಯ ದರದಲ್ಲಿ ಕ್ವಿಂಟಲಿಗೆ ಐವತ್ತು ರೂಪಾಯಿಯ ವ್ಯತ್ಯಾಸ ಕಂಡರೂ ನಾಲ್ಕು ಅಡತಿ ಅಂಗಡಿಗಳನ್ನು ವಿಚಾರಿಸುವ ವರ್ತಕನು, ಕನ್ನಡಕದ ಅಂಗಡಿಯಲ್ಲಿ ಕುಳಿತಾಗ ಮಾತ್ರ ಹೇಳಿದ ಬೆಲೆಯನ್ನು ಎಣಿಸಿ ಕೊಟ್ಟು ಬರುತ್ತಾನೆ. ಇದು ಔದಾರ್ಯವಲ್ಲ, ತಾನು ಕೊಳ್ಳುತ್ತಿರುವ ಸರಕು ಯಾವುದೆಂಬುದೇ ಅವನಿಗೆ ಸ್ಪಷ್ಟವಿರುವುದಿಲ್ಲ. ಒಂದೇ ನಂಬರಿನ ಕನ್ನಡಕ ಒಂದು ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೂ ಇನ್ನೊಂದರಲ್ಲಿ ಹಲವು ಸಾವಿರಕ್ಕೂ ದೊರೆಯುತ್ತದೆ. ಇವೆರಡರಲ್ಲಿ ನಿಜವಾಗಿ ದುಬಾರಿ ಯಾವುದು ಎಂಬುದನ್ನು ಬೆಲೆಯೊಂದರಿಂದಲೇ ಹೇಳಲಾಗದು.

ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯಂಥ ಊರುಗಳಿಗೆ ಈ ಪ್ರಶ್ನೆಯ ಇನ್ನೊಂದು ಮುಖವೂ ಇದೆ. ಕಣ್ಣಿನ ವೈದ್ಯರನ್ನು ಕಾಣಲು ತಾಲ್ಲೂಕು ಕೇಂದ್ರಕ್ಕೋ ವಿಜಯಪುರಕ್ಕೋ ಹೋಗಬೇಕಾದರೆ ಒಂದು ದಿನ ಅಂಗಡಿಯ ಬಾಗಿಲು ಮುಚ್ಚಬೇಕು. ಸಿದ್ಧವಾದ ಕನ್ನಡಕವನ್ನು ತರಲು ಮತ್ತೊಂದು ದಿನ. ಅದು ಸರಿಹೊಂದದಿದ್ದರೆ ಮೂರನೆಯ ದಿನ. ಬಸ್ಸಿನ ಚಾರ್ಜು ಮತ್ತು ನಿಂತ ವ್ಯಾಪಾರವನ್ನು ಲೆಕ್ಕ ಹಿಡಿದರೆ, ಮೊದಲ ಸಲಕ್ಕೇ ಸರಿಯಾಗಿ ಕೂರುವ ಕನ್ನಡಕವೇ ಅಗ್ಗದ ಕನ್ನಡಕ. ನಲವತ್ತು ದಾಟಿದೊಡನೆ ಹತ್ತಿರದ ಅಕ್ಷರ ಮಸುಕಾಗುವುದಕ್ಕೆ ಈ ಭಾಗದಲ್ಲಿ ‘ಚಾಳೀಸು’ ಎಂದೇ ಹೆಸರು. ಕಣ್ಣಿನೊಳಗಿನ ಮಸೂರವು ವಯಸ್ಸಿನೊಡನೆ ಬಾಗುವ ಗುಣವನ್ನು ಕಳೆದುಕೊಳ್ಳುವುದರಿಂದ ಬರುವ ಈ ಸ್ಥಿತಿ ಬಹುತೇಕ ಯಾರನ್ನೂ ಬಿಡುವುದಿಲ್ಲ. ಖಾತೆ ಪುಸ್ತಕ ಬರೆಯುವವನು, ತಕ್ಕಡಿಯ ಅಂಕಿ ಓದುವವನು, ಬಂಗಾರದ ಕೆಲಸದವನು, ಹೊಲಿಗೆಯವನು ಎಲ್ಲರೂ ಒಂದಲ್ಲ ಒಂದು ದಿನ ಈ ಅಂಗಡಿಯ ಗಿರಾಕಿಗಳೇ.

ಒಂದು ಬಿಲ್ಲಿನೊಳಗಿನ ನಾಲ್ಕು ಸರಕು

ಕನ್ನಡಕದ ಬಿಲ್ಲು ಒಂದೇ ಆದರೂ ಅದರಲ್ಲಿ ನಾಲ್ಕು ಸರಕುಗಳು ಸೇರಿರುತ್ತವೆ: ಕಣ್ಣಿನ ಪರೀಕ್ಷೆ, ಫ್ರೇಮು, ಗಾಜು ಹಾಗೂ ಅದರ ಲೇಪನ, ಮತ್ತು ಅಳತೆ ತೆಗೆದು ಜೋಡಿಸುವ ಕೈಕೆಲಸ. ಹೆಚ್ಚಿನ ಅಂಗಡಿಗಳಲ್ಲಿ ಪರೀಕ್ಷೆ ‘ಉಚಿತ’. ಅಳತೆಗೂ ಜೋಡಣೆಗೂ ಪ್ರತ್ಯೇಕ ದರವಿಲ್ಲ. ಉಚಿತವೆಂದರೆ ಯಾರೂ ಹಣ ಕೊಡುತ್ತಿಲ್ಲವೆಂದು ವರ್ತಕನಾದವನು ನಂಬಲಾರ; ಆ ವೆಚ್ಚವು ಫ್ರೇಮಿನ ಮತ್ತು ಲೇಪನದ ಬೆಲೆಯೊಳಗೆ ಕುಳಿತಿದೆ. ಇದರ ಫಲವಾಗಿ, ದೃಷ್ಟಿಗೆ ಅತಿ ಮುಖ್ಯವಾದ ಎರಡು ಸೇವೆಗಳಿಗೆ ಬೆಲೆಯೇ ಇಲ್ಲದಂತಾಗಿ, ಅಷ್ಟೇನೂ ಮುಖ್ಯವಲ್ಲದ ಎರಡು ವಸ್ತುಗಳ ಮೇಲೆ ಇಡೀ ಲಾಭ ನಿಂತಿದೆ. ಮಾರುವವನ ಮಾತೆಲ್ಲ ಫ್ರೇಮಿನ ಹೆಸರು ಮತ್ತು ಲೇಪನದ ಸುತ್ತಲೇ ಏಕೆ ಸುತ್ತುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಅಂಗಡಿಯವನ ಪಕ್ಷದಲ್ಲಿಯೂ ಹೇಳಬೇಕಾದ ಮಾತಿದೆ. ನಂಬರುಗಳು ಕಾಲು ಕಾಲು ಡಯಾಪ್ಟರಿನ ಅಂತರದಲ್ಲಿ ಸಾಗುತ್ತವೆ. ಮೈನಸ್ 6ರಿಂದ ಪ್ಲಸ್ 6ರವರೆಗೆ ಲೆಕ್ಕ ಹಾಕಿದರೆ 49 ನಂಬರುಗಳಾದವು. ಓರೆ ದೋಷಕ್ಕೆ ಬೇಕಾದ ಸಿಲಿಂಡರ್ ನಂಬರನ್ನು ಸೊನ್ನೆಯಿಂದ 2ರವರೆಗೆ ಹಿಡಿದರೆ 9 ಮೆಟ್ಟಿಲು. ಎರಡನ್ನೂ ಗುಣಿಸಿದರೆ 441 ಬಗೆಯ ಗಾಜು. ಅದೂ ಒಂದೇ ಜಾತಿಯ, ಒಂದೇ ಲೇಪನದ ಗಾಜಿಗೆ. ಮೂರು ಬಗೆಯ ಲೇಪನ ಇಟ್ಟರೆ 1,323. ಕಿರಾಣಿ ಅಂಗಡಿಯಲ್ಲಿ ವಾರಕ್ಕೊಮ್ಮೆ ತಿರುಗುವ ಬಂಡವಾಳ ಇಲ್ಲಿ ವರ್ಷಗಟ್ಟಲೆ ಕಪಾಟಿನಲ್ಲಿ ನಿಲ್ಲುತ್ತದೆ. ಒಬ್ಬ ಗಿರಾಕಿ ಎರಡು ಮೂರು ವರ್ಷಗಳಿಗೊಮ್ಮೆ ಬಂದು ನೂರಾರು ಫ್ರೇಮುಗಳಲ್ಲಿ ಒಂದನ್ನು ಆರಿಸುತ್ತಾನೆ. ಉಳಿದವು ಹಳೆಯ ಮಾದರಿಗಳಾಗುತ್ತವೆ. ಸಣ್ಣ ಪಟ್ಟಣದ ಅಂಗಡಿಗಳು ಅಪರೂಪದ ನಂಬರುಗಳನ್ನು ದೊಡ್ಡ ಊರಿನಿಂದ ತರಿಸಿಕೊಳ್ಳುವುದು ಇದೇ ಕಾರಣಕ್ಕೆ. ಆದುದರಿಂದ ಗಾಜಿನ ಸಗಟು ಬೆಲೆಗೂ ಬಿಲ್ಲಿನ ಬೆಲೆಗೂ ನಡುವಣ ಅಂತರವೆಲ್ಲ ಲೂಟಿಯಲ್ಲ.

ಹಾಗೆಂದು ಅಂತರವೆಲ್ಲ ನ್ಯಾಯವೂ ಅಲ್ಲ. ಜಗತ್ತಿನ ಮಾರುಕಟ್ಟೆಯಲ್ಲಿ ಈ ಉದ್ಯಮ ಕೆಲವೇ ಕೈಗಳಲ್ಲಿ ಕೂಡಿದೆ. 1961ರಲ್ಲಿ ಇಟಲಿಯ ಅಗೋರ್ಡೊ ಎಂಬಲ್ಲಿ ಆರಂಭವಾದ ಲುಕ್ಸೋಟಿಕಾ ಕಂಪನಿಯು 1999ರಲ್ಲಿ ರೇಬ್ಯಾನ್ ಹೆಸರನ್ನು ಕೊಂಡಿತು. 2018ರಲ್ಲಿ ಗಾಜಿನ ತಯಾರಿಕೆಯಲ್ಲಿ ಅಗ್ರಗಣ್ಯವಾದ ಫ್ರಾನ್ಸಿನ ಎಸ್ಸಿಲರ್ ಜೊತೆ ಒಂದಾಯಿತು. ಫ್ರೇಮಿನ ಕಡ್ಡಿಯ ಮೇಲಿನ ಉಡುಪಿನ ಕಂಪನಿಯ ಹೆಸರು ಬಹುಮಟ್ಟಿಗೆ ಪರವಾನಿಗೆ ಶುಲ್ಕ ಕೊಟ್ಟು ಪಡೆದ ಹೆಸರು. ಆ ಶುಲ್ಕವನ್ನು ತೆರುವವನು ಕೊನೆಗೆ ಗಿರಾಕಿ. ಭಾರತದಲ್ಲಿ ಸ್ಪರ್ಧೆ ಬೇರೆ ದಾರಿ ಹಿಡಿಯಿತು. 2007ರಲ್ಲಿ ಟೈಟಾನ್ ಕಂಪನಿ ಕನ್ನಡಕದ ಮಳಿಗೆಗಳನ್ನು ತೆರೆದು ಚಿಕ್ಕಬಳ್ಳಾಪುರದಲ್ಲಿ ಗಾಜು ತಯಾರಿಸುವ ಘಟಕವನ್ನೂ ಸ್ಥಾಪಿಸಿತು. 2010ರಲ್ಲಿ ಆರಂಭವಾದ ಲೆನ್ಸ್‌ಕಾರ್ಟ್ ಫ್ರೇಮು ಗಾಜು ಸೇರಿಸಿ ಒಂದೇ ಬೆಲೆಯನ್ನು ಬಹಿರಂಗವಾಗಿ ತೋರಿಸುವ ಕ್ರಮವನ್ನು ಹಬ್ಬಿಸಿತು.

ಬೆಲೆ ಬಹಿರಂಗವಾದರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಅಧ್ಯಯನವಿದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕನ್ನಡಕದ ಜಾಹೀರಾತಿಗೆ ನಿರ್ಬಂಧವಿತ್ತು, ಕೆಲವುಗಳಲ್ಲಿ ಇರಲಿಲ್ಲ. ಲೀ ಬೆನ್ಹಮ್ ಎಂಬ ಅರ್ಥಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಿರ್ಬಂಧವಿದ್ದ ಕಡೆ ಬೆಲೆಯು ಶೇ. 25ರಿಂದ ಶೇ. 100ಕ್ಕೂ ಮೀರಿ ಹೆಚ್ಚಾಗಿತ್ತೆಂದು ತೋರಿಸಿದರು. ಸರಕು ಅದೇ, ಕೈಕೆಲಸ ಅದೇ. ಕೊಳ್ಳುವವನಿಗೆ ಹೋಲಿಸಿ ನೋಡಲು ಅವಕಾಶವಿತ್ತೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಗಾಜಿನಲ್ಲಿ ಯಾವುದು ಬೇಕು, ಯಾವುದು ಬೇಡ

ಇಂದು ಗಾಜು ಎನ್ನುವುದು ಹೆಚ್ಚಾಗಿ ಪ್ಲಾಸ್ಟಿಕ್ಕೇ. ಸಿ.ಆರ್.-39 ಎಂಬ ಸಾಮಾನ್ಯ ಪ್ಲಾಸ್ಟಿಕ್ಕಿನ ವಕ್ರೀಭವನಾಂಕ 1.5ರಷ್ಟು. 1.6, 1.67, 1.74 ಎಂದು ಅಂಕಿ ಏರಿದಂತೆ ಅದೇ ನಂಬರಿಗೆ ಗಾಜು ತೆಳುವಾಗುತ್ತದೆ, ಬೆಲೆ ಏರುತ್ತದೆ. ದೃಷ್ಟಿ ಮಾತ್ರ ಹೆಚ್ಚು ತಿಳಿಯಾಗುವುದಿಲ್ಲ. ಬದಲಾಗಿ, ಬಣ್ಣಗಳನ್ನು ಚದುರಿಸದೆ ಹಾಯಿಸುವ ಗುಣವನ್ನು ಅಳೆಯುವ ಆಬೆ ಸಂಖ್ಯೆಯು ಸಿ.ಆರ್.-39ರಲ್ಲಿ 58ರಷ್ಟಿದ್ದರೆ, 1.67ರ ಗಾಜಿನಲ್ಲಿ 32ರ ಆಸುಪಾಸಿಗೆ ಇಳಿಯುತ್ತದೆ. ಒಂದೆರಡು ನಂಬರಿನವರಿಗೆ ‘ಅತಿ ತೆಳು’ ಗಾಜನ್ನು ಮಾರುವುದು ಅಂಗಡಿಗೆ ಲಾಭವೇ ಹೊರತು ಕಣ್ಣಿಗೆ ಅಲ್ಲ. ಐದು ಆರು ನಂಬರು ದಾಟಿದವರಿಗೆ ಅದು ನಿಜವಾದ ಅನುಕೂಲ.

ಪಾಲಿಕಾರ್ಬೊನೇಟ್ ಗಾಜಿನ ಗುಣ ಬೇರೆ. ಅದು ಸುಲಭವಾಗಿ ಒಡೆಯದು. ಮಕ್ಕಳಿಗೆ, ಲೇಥ್ ಮತ್ತು ಗ್ರೈಂಡಿಂಗ್ ಯಂತ್ರದ ಮುಂದೆ ನಿಲ್ಲುವವರಿಗೆ ಇದೇ ತಕ್ಕದ್ದು. ಆದರೆ ನಂಬರಿನ ಸಾಮಾನ್ಯ ಕನ್ನಡಕವು ರಕ್ಷಣಾ ಕನ್ನಡಕವಲ್ಲ. ಕಿಡಿ, ಚೂರು ಹಾರುವ ಕೆಲಸದಲ್ಲಿ ಕಣ್ಣಿನ ರಕ್ಷಣೆಗೆ ತಕ್ಕ ಗಾಗಲ್ ಒದಗಿಸುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಮಾಲೀಕನ ಹೊಣೆ.

ಲೇಪನಗಳಲ್ಲಿ ಬೆಳಕಿನ ಪ್ರತಿಫಲನವನ್ನು ತಡೆಯುವುದು ಹಣಕ್ಕೆ ತಕ್ಕ ಬೆಲೆಯುಳ್ಳದ್ದು. ಲೇಪನವಿಲ್ಲದ ಸಾಮಾನ್ಯ ಗಾಜು ತನ್ನ ಎರಡು ಮೈಗಳಿಂದ ಸುಮಾರು ಶೇ. 8ರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ರಾತ್ರಿ ಎದುರಿನ ಲಾರಿಯ ದೀಪ ಕಣ್ಣಿಗೆ ಚುಚ್ಚುವುದರಲ್ಲಿ ಇದರದೂ ಪಾಲಿದೆ. ವಾಹನ ನಡೆಸುವವರಿಗೆ ಈ ಲೇಪನ ಉಪಯುಕ್ತ. ‘ಬ್ಲೂ ಕಟ್’ ಎಂಬ ಹೆಸರಿನಲ್ಲಿ ಕಂಪ್ಯೂಟರ್, ಮೊಬೈಲ್ ಬಳಸುವವರಿಗೆಲ್ಲ ಮಾರುವ ಗಾಜಿನ ವಿಷಯ ಬೇರೆ. 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಪರಿಶೀಲಿಸಿ, ಈ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾಗುವ ಸಂಭವ ಅಲ್ಪಾವಧಿಯಲ್ಲಿ ಕಾಣುವುದಿಲ್ಲವೆಂದು ವರದಿ ಮಾಡಿತು. ಬಿಲ್ಲಿನಲ್ಲಿ ಮೊದಲು ಹೊಡೆದು ಹಾಕಬಹುದಾದ ಸಾಲು ಇದು.

ಚಾಳೀಸಿನವರಿಗೆ ಮೂರು ದಾರಿಗಳಿವೆ: ಓದಲು ಮಾತ್ರ ಬಳಸುವುದು, ಬೈಫೋಕಲ್, ಪ್ರೊಗ್ರೆಸಿವ್. ಎರಡೂ ಕಣ್ಣಿನ ನಂಬರು ಸಮವಾಗಿದ್ದು ಸಿಲಿಂಡರ್ ಇಲ್ಲದವರಿಗೆ ಸಿದ್ಧ ಓದುವ ಕನ್ನಡಕದಿಂದ ಕಣ್ಣಿಗೆ ಹಾನಿಯಿಲ್ಲ. ಗಲ್ಲೆಯ ಮೇಲೆ ಕುಳಿತು ಖಾತೆಯನ್ನೂ ಎದುರಿನ ಗಿರಾಕಿಯನ್ನೂ ನೋಡಬೇಕಾದವರಿಗೆ ಬೈಫೋಕಲ್ ಸಾಕು. ಗೆರೆಯಿಲ್ಲದ ಪ್ರೊಗ್ರೆಸಿವ್ ದುಬಾರಿ. ಅದರಲ್ಲಿ ದೂರದಿಂದ ಹತ್ತಿರಕ್ಕೆ ನಂಬರು ಇಳಿಯುವ ಹಾದಿ ಕಿರಿದಾಗಿದ್ದು, ಅಳತೆ ಒಂದೆರಡು ಮಿಲಿಮೀಟರ್ ತಪ್ಪಿದರೂ ತೊಡಲಾಗದು. ಅಳತೆ ಬಲ್ಲವನಿಲ್ಲದ ಅಂಗಡಿಯಲ್ಲಿ ಅದನ್ನು ಕೊಳ್ಳುವುದು ಹಣವನ್ನು ಪಣಕ್ಕೆ ಇಟ್ಟಂತೆ.

ಅಂಗಡಿಯನ್ನು ಗುರುತಿಸುವ ಬಗೆ

ಅಲಂಕಾರ, ಹವಾನಿಯಂತ್ರಣ, ರಿಯಾಯಿತಿಯ ಫಲಕ ಇವು ಯಾವುವೂ ಗುರುತುಗಳಲ್ಲ. ಎರಡು ಪಾಪೆಗಳ ನಡುವಣ ಅಂತರವನ್ನು ಅಳೆಯುತ್ತಾನೆಯೇ ಎಂಬುದು ಮೊದಲ ಗುರುತು. ವೈದ್ಯರ ಚೀಟಿಯಲ್ಲಿ ಈ ಅಳತೆ ಸಾಮಾನ್ಯವಾಗಿ ಇರುವುದಿಲ್ಲ; ಅಂಗಡಿಯವನೇ ತೆಗೆಯಬೇಕು. ನಾಲ್ಕು ನಂಬರಿನ ಗಾಜಿನ ಕೇಂದ್ರವು ಪಾಪೆಯಿಂದ 5 ಮಿಲಿಮೀಟರ್ ಸರಿದು ಕೂತರೆ, ಒಂದು ಮೀಟರ್ ದೂರದ ವಸ್ತುವು ಆ ಕಣ್ಣಿಗೆ 2 ಸೆಂಟಿಮೀಟರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಎರಡು ಕಣ್ಣುಗಳು ದಿನವಿಡೀ ಅದನ್ನು ಒಂದುಗೂಡಿಸಲು ಹೆಣಗುತ್ತವೆ, ಸಂಜೆಗೆ ತಲೆನೋವು. ನಂಬರು ಸರಿಯಿದ್ದೂ ಕನ್ನಡಕ ಹೊಂದಲಿಲ್ಲವೆಂಬ ದೂರಿನಲ್ಲಿ ಮೊದಲು ನೋಡಬೇಕಾದುದು ಇದನ್ನೇ.

ಸಿದ್ಧವಾದ ಕನ್ನಡಕವನ್ನು ಲೆನ್ಸೋಮೀಟರ್ ಎಂಬ ಯಂತ್ರದಲ್ಲಿಟ್ಟು ಚೀಟಿಯ ನಂಬರಿನೊಡನೆ ಗಿರಾಕಿಯ ಎದುರಿನಲ್ಲೇ ತಾಳೆ ನೋಡುವುದು ಎರಡನೆಯ ಗುರುತು. ಕೇಳಿದರೆ ಮುಖ ಗಂಟಿಕ್ಕುವವನ ಅಂಗಡಿಯನ್ನು ಬಿಡುವುದೇ ಲೇಸು. ಯಂತ್ರವಿಲ್ಲದ ಕಡೆ ಒರಟು ಪರೀಕ್ಷೆಯೊಂದಿದೆ: ಕನ್ನಡಕವನ್ನು ಕೈಚಾಚಿ ಹಿಡಿದು ನಿಧಾನವಾಗಿ ಸರಿಸಿದರೆ ಮೈನಸ್ ಗಾಜಿನಲ್ಲಿ ದೃಶ್ಯವೂ ಅದೇ ದಿಕ್ಕಿಗೆ, ಪ್ಲಸ್ ಗಾಜಿನಲ್ಲಿ ಎದುರು ದಿಕ್ಕಿಗೆ ಸರಿಯುತ್ತದೆ. ಕಿಟಕಿಯ ಸರಳನ್ನು ನೋಡುತ್ತಾ ಗಾಜನ್ನು ತಿರುಗಿಸಿದಾಗ ಸರಳು ವಾಲಿದಂತೆ ಕಂಡರೆ ಸಿಲಿಂಡರ್ ಇದೆಯೆಂದರ್ಥ. ಚೀಟಿಯಲ್ಲಿ ಸಿಲಿಂಡರ್ ಬರೆದಿದ್ದು ಗಾಜಿನಲ್ಲಿ ಇಲ್ಲದಿದ್ದರೆ ಅಷ್ಟರಿಂದಲೇ ತಿಳಿದೀತು.

ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿದರೆ ನಂಬರಿನ ಚೀಟಿಯನ್ನು ಬರೆಸಿ ಪಡೆಯಬೇಕು. ಚೀಟಿ ಕೈಯಲ್ಲಿದ್ದರೆ ಮುಂದಿನ ಅಂಗಡಿಯಲ್ಲಿ ಬೆಲೆ ವಿಚಾರಿಸಬಹುದು. ಪರೀಕ್ಷಿಸುವವರ ವಿದ್ಯಾರ್ಹತೆಯನ್ನು ಕೇಳುವುದರಲ್ಲಿಯೂ ಸಂಕೋಚ ಬೇಡ. 2021ರ ಕೇಂದ್ರ ಕಾಯ್ದೆಯೊಂದು ಆಪ್ಟೋಮೆಟ್ರಿಸ್ಟರನ್ನು ಆರೋಗ್ಯ ವೃತ್ತಿನಿರತರ ಪಟ್ಟಿಗೆ ಸೇರಿಸಿದೆ.

ಆದರೆ ನಂಬರಿನ ಪರೀಕ್ಷೆಯು ರೋಗದ ಪರೀಕ್ಷೆಯಲ್ಲ. ಗ್ಲಾಕೋಮಾ ನೋವಿಲ್ಲದೆ ದೃಷ್ಟಿಯನ್ನು ಕಸಿಯುತ್ತದೆ. ಸಕ್ಕರೆ ಕಾಯಿಲೆ ಅಕ್ಷಿಪಟಲವನ್ನು ಕೆಡಿಸುತ್ತದೆ, ಕೆಲವೊಮ್ಮೆ ನಂಬರನ್ನು ಏಕಾಏಕಿ ಬದಲಿಸುತ್ತದೆ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಪದೇ ಪದೇ ನಂಬರು ಬದಲಾಗುವವರು ಮೊದಲು ನೇತ್ರವೈದ್ಯರನ್ನು ಕಂಡು, ಅಲ್ಲಿಂದ ಚೀಟಿ ಹಿಡಿದು ಅಂಗಡಿಗೆ ಹೋಗುವುದು ಕ್ರಮ. ಈ ಭಾಗಕ್ಕೆ ನೇತ್ರ ಚಿಕಿತ್ಸೆ ಹೊಸದಲ್ಲ. ಹಿಂದಿನ ಅಖಂಡ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಒಯ್ದು ಪೊರೆಯ ಶಸ್ತ್ರಕ್ರಿಯೆ ಮಾಡಿದವರು. ಆ ಕಾಲದಲ್ಲಿ ಪೊರೆ ತೆಗೆದ ಕಣ್ಣಿಗೆ ಹತ್ತು ನಂಬರಿನ ಆಸುಪಾಸಿನ ದಪ್ಪ ಗಾಜು ಅನಿವಾರ್ಯವಾಗಿತ್ತು. ಕಣ್ಣಿನೊಳಗೇ ಕೂರಿಸುವ ಮಸೂರ ಬಂದರೂ ಆಮದಿನ ಬೆಲೆ ಬಡವರಿಗೆ ಎಟುಕದಾಗಿತ್ತು. 1992ರಲ್ಲಿ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಆಶ್ರಯದಲ್ಲಿ ಆರಂಭವಾದ ಔರೋಲ್ಯಾಬ್ ಅದನ್ನು ಇಲ್ಲಿಯೇ ತಯಾರಿಸಿ ಬೆಲೆಯನ್ನು ಹಲವು ಪಟ್ಟು ಇಳಿಸಿತು.

ತೆರಿಗೆ, ಬಿಲ್ಲು ಮತ್ತು ಕೆಲಸಗಾರರು

2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕ, ಅದರ ಗಾಜು ಮತ್ತು ಫ್ರೇಮಿನ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆಯ ಹೊರತು 2,000 ರೂಪಾಯಿಯ ಕನ್ನಡಕಕ್ಕೆ ಹಿಂದೆ 2,240 ಆಗುತ್ತಿದ್ದುದು ಈಗ 2,100 ಆಗಬೇಕು. ಕಾಂಪೋಸಿಷನ್ ಪದ್ಧತಿಯಲ್ಲಿರುವ ಸಣ್ಣ ಅಂಗಡಿಯು ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ ಎಂಬುದು ವರ್ತಕರಿಗೆ ತಿಳಿದದ್ದೇ. ಬಿಲ್ಲಿನಲ್ಲಿ ಫ್ರೇಮು, ಗಾಜಿನ ಜಾತಿ, ಲೇಪನ, ನಂಬರು ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಗಳು. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಮುದ್ರೆ ಇದನ್ನು ಅಳಿಸದು.

ಕೆಲಸಗಾರರ ಕಣ್ಣಿನ ಲೆಕ್ಕವನ್ನು ಸಣ್ಣ ಉದ್ಯಮಿಗಳು ಬಹುಮಟ್ಟಿಗೆ ಹಾಕಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ನಡೆದು 2018ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಓದುವ ಕನ್ನಡಕ ಪಡೆದವರ ದಿನದ ಕೊಯ್ಲು ಪಡೆಯದವರಿಗಿಂತ ಶೇ. 21.7ರಷ್ಟು ಹೆಚ್ಚಿತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕನ್ನಡಕ ಪಡೆದವರ ಆದಾಯವೇ ಶೇ. 33.4ರಷ್ಟು ಮೇಲಿತ್ತು. ಎರಡರಲ್ಲಿಯೂ ಕೊಟ್ಟದ್ದು ಸರಳವಾದ ಅಗ್ಗದ ಕನ್ನಡಕ. ಲೇಪನವಾಗಲಿ ಹೆಸರಾಗಲಿ ಕೆಲಸ ಮಾಡಿದ್ದಲ್ಲ. ಹೊಲಿಗೆ ಘಟಕ, ಬೇಳೆ ಗಿರಣಿಯ ಆಯುವ ವಿಭಾಗ, ಬಡಗಿ ಕೆಲಸ ಇವುಗಳಲ್ಲಿ ನಲವತ್ತು ದಾಟಿದ ಹಳೆಯ ಕೈ ನಿಧಾನವಾಯಿತೆಂದು ಅನಿಸಿದರೆ, ಕೈಗಿಂತ ಮೊದಲು ಕಣ್ಣನ್ನು ಪರೀಕ್ಷಿಸಬೇಕಾದೀತು. ಹತ್ತು ಹದಿನೈದು ಜನರಿದ್ದರೆ ಆಪ್ಟೋಮೆಟ್ರಿಸ್ಟರನ್ನು ಘಟಕಕ್ಕೇ ಕರೆಸಿ, ಒಂದೇ ಸಲಕ್ಕೆ ಗಾಜಿನ ದರ ಮಾತನಾಡಿಕೊಳ್ಳಬಹುದು. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಕನ್ನಡಕದ ಏರ್ಪಾಡು ಇದೆ. ರಾಜ್ಯ ಸರಕಾರವು ಆಶಾಕಿರಣ ಯೋಜನೆಯನ್ನು ಹಂತ ಹಂತವಾಗಿ ಜಿಲ್ಲೆಗಳಲ್ಲಿ ಕೈಗೊಂಡಿದೆ. ಕೆಲಸಗಾರರ ಮನೆಯವರಿಗೆ ಇವುಗಳ ಪ್ರಯೋಜನ ದೊರೆಯುವುದೇ ಎಂಬುದನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.